ಒಂಟಿ ಗಿಟಾರಿನ ಒಡೆಯ

ಎರಡನೆಯ ಎಲೆಕ್ಟ್ರಿಕ್ ಗಿಟಾರನ್ನು ಕೊಂಡವನನ್ನು ನಾನು ಈ ಸೀಮೆಯಲ್ಲಿ ಕಂಡದ್ದು ಅಪೂರ್ವ. ಕೊಳ್ಳಬೇಕೆಂದು ನಿಶ್ಚಯಿಸುತ್ತಿರುವವನು ಮಾತ್ರ ಹುಣಸೂರಿನಲ್ಲೊಬ್ಬ, ಪಿರಿಯಾಪಟ್ಟಣದಲ್ಲೊಬ್ಬ, ಕೃಷ್ಣರಾಜನಗರದಲ್ಲೊಬ್ಬ, ಹೆಗ್ಗಡದೇವನಕೋಟೆಯಲ್ಲೊಬ್ಬ ಎಂಬಂತೆ ಲಕ್ಷ್ಮಣತೀರ್ಥದಿಂದ ಕಪಿಲೆಯವರೆಗೂ ಹಬ್ಬಿಕೊಂಡಿದ್ದಾನೆ. ಹಗಲು ಹೊಗೆಸೊಪ್ಪಿನ ಹೊಲದಲ್ಲಿಯೂ, ಗಣಪತಿ ಹಬ್ಬದ ರಾತ್ರಿಗಳಲ್ಲಿ ಆರ್ಕೆಸ್ಟ್ರಾ ವೇದಿಕೆಯ ಎಡಮೂಲೆಯಲ್ಲಿಯೂ ಕಾಣಸಿಗುವ ಈತನು ಉಳಿದ ಕಾಲವನ್ನೆಲ್ಲ ಆ ನಿಶ್ಚಯಕ್ಕೇ ಮೀಸಲಿಟ್ಟವನು.

ನನ್ನ ನೆರೆಮನೆಯ ತರುಣನ ಬಳಿಯಿರುವುದು, ಫೆಂಡರ್ ಕಂಪನಿಯು 1954ರಲ್ಲಿ ಹೊರತಂದ ಸ್ಟ್ರಾಟೊಕಾಸ್ಟರಿನ ರೂಪವನ್ನು ಯಾರೋ ಯಾರನ್ನೂ ಕೇಳದೆ ಅನುಕರಿಸಿದ ಒಂದು ವಾದ್ಯ. ಬೇಕಾಗಿರುವುದು ಗಿಬ್ಸನ್ ಕಂಪನಿಯ 1952ರ ಲೆಸ್ ಪಾಲ್ ವಂಶದ್ದು. ಇರುವುದರ ತಂತಿಗಳು ಮೇಲೆದ್ದು ಬೆರಳು ಕೊಯ್ಯುತ್ತವೆ, ಕೊರಳಿನ ಕೆಳಮನೆಗಳಿಗೆ ಇಳಿದಂತೆ ಶ್ರುತಿ ಜಾರುತ್ತದೆ. ಇವನ್ನಾದರೂ ಸಹಿಸಬಹುದಂತೆ, ಆದರೆ ಸೀರಿಯಲ್ ಸೆಟ್ಟಿನ ದೀಪಗಳು ಹೊತ್ತಿದೊಡನೆ ಜೇನುಹುಟ್ಟಿನಂತೆ 'ಹಂ' ಎನ್ನುವುದನ್ನು ಸಹಿಸಲಾಗದಂತೆ. ಸೆಕೆಂಡಿಗೆ 50 ಸಲ ಆವರ್ತಿಸುವ ನಮ್ಮ ಮನೆಮನೆಯ ವಿದ್ಯುತ್ತನ್ನು ತಂತಿಗಳಡಿಯ ಒಂಟಿ ಸುರುಳಿಯು ತಂತಿಯ ನಾದದೊಡನೆ ಹೀರಿಕೊಳ್ಳುವುದರಿಂದ ಈ ಪೀಡೆಯೆಂದೂ, 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತನು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಹೂಡಿ, ಅಯಸ್ಕಾಂತವನ್ನೂ ತಿರುಗಿಸಿಟ್ಟು, ನಾದವು ಉಳಿದು ಹಂಕಾರವು ಮಾತ್ರ ಅಡಗುವಂತೆ ಮಾಡಿದನೆಂದೂ ತರುಣನು ತಾಯಿಗೆ ಒಂದು ಸಂಜೆಯೆಲ್ಲ ವಿವರಿಸಿದನು. ಆಕೆ ಅವರೆಕಾಯಿ ಸುಲಿಯುತ್ತಲೇ ಕೇಳಿದಳು: "ಎಲ್ಡು ಎದ್ರುಬದ್ರು ಕೂತ್ರೆ ಸದ್ದು ಅಡಗ್ತದಾ? ನಿಮ್ ದೊಡ್ಡಪ್ಪನ ಮನೇಲಿ ಸೊಸೇರು ಇಬ್ರು ಬಂದ್ಮೇಲೆ ಊರಿಗೆಲ್ಲ ಕೇಳ್ತದಲ್ಲ!"

ಏತಕ್ಕೆ ಎಂಬ ಪ್ರಶ್ನೆಗಿಂತ ಯಾವಾಗ ಎಂಬುದು ಕಠಿನತರ. ಗಿಟಾರಿಗೆ ಕೆಲಸ ಬರುವುದು ಭಾದ್ರಪದದಲ್ಲಿ; ಆಗ ಸೊಪ್ಪು ಇನ್ನೂ ಬ್ಯಾರನ್ನಿನಲ್ಲಿ ಬೇಯುತ್ತಿರುತ್ತದೆ, ಕೈಯಲ್ಲಿರುವುದು ಸೌದೆಯ ಸಾಲವೊಂದೇ. ಹರಾಜು ಮಾರುಕಟ್ಟೆಯ ಬಾಗಿಲು ತೆರೆದು, ಬೇಲುಗಳು ಬಿಕರಿಯಾಗಿ ಹಣವು ಖಾತೆಗೆ ಬಂದು ಬೀಳುವ ವೇಳೆಗೆ ಗಣಪತಿಯು ಕೆರೆಯ ತಳ ಸೇರಿ ಕರಗಿ, ಗಿಟಾರಿನ ಅವಶ್ಯಕತೆಯೂ ಆತನೊಡನೆಯೇ ವಿಸರ್ಜಿತವಾಗಿರುತ್ತದೆ. ಬೇಕಾದಾಗ ಹಣವಿಲ್ಲ, ಹಣವಿದ್ದಾಗ ಬೇಕೆನ್ನಲು ನೆವವಿಲ್ಲ; ವರ್ಷಕ್ಕೊಮ್ಮೆ ಹೀಗೆ ಒಂದನ್ನೊಂದು ತಪ್ಪಿಸಿಕೊಂಡು ಓಡಾಡುವ ಈ ಎರಡು ಋತುಗಳ ನಡುವೆ ನಮ್ಮ ತರುಣನು ಐದು ವರ್ಷ ಸವೆಸಿದ್ದಾನೆ. ಹಳೆಯದನ್ನು ಕೊಟ್ಟು ಹೊಸದನ್ನು ತರುವ ಮಾರ್ಗವನ್ನೂ ಶೋಧಿಸಿದ್ದುಂಟು. ಮೈಸೂರಿನ ಒಬ್ಬ ವ್ಯಾಪಾರಿಯು ಹಳೆಯದಕ್ಕೆ ಹೇಳಿದ ಬೆಲೆಯು ಅದರ ಚೀಲಕ್ಕೆ ಕೊಟ್ಟ ಹಣಕ್ಕಿಂತ ಕಡಮೆಯಾದುದರಿಂದ, ಅಂದು ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹಿಂದಿರುಗಿದನು.

ನಾನೊಮ್ಮೆ ಅಧಿಕಪ್ರಸಂಗಿಯಾಗಿ, 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರನ್ನು ನೆನಪಿಸಿದೆ: ಹಿಂದಿನ ಸಾಲಿನ ಶ್ರೋತೃಗಳಿಗೂ ನಾದವು ಮುಟ್ಟಬೇಕೆಂದು ಅವರು ನಾಲ್ಕು ತಂತಿಗಳ ಪಿಟೀಲಿಗೆ ಇನ್ನು ಮೂರನ್ನು ಬಿಗಿದುಕೊಂಡರೇ ಹೊರತು ಇನ್ನೊಂದು ಪಿಟೀಲಿಗಾಗಿ ಹಂಬಲಿಸಲಿಲ್ಲ ಎಂದೆ. "ಅವರ ಪಿಟೀಲಿಗೆ ಕರೆಂಟು ಇರ್ಲಿಲ್ಲ ಮೇಷ್ಟ್ರೆ" ಎಂದು ನನ್ನ ಸಂಗೀತಶಾಸ್ತ್ರವನ್ನು ಒಂದೇ ಏಟಿಗೆ ಮುಗಿಸಿದನು.

ಕೊನೆಗೆ ವಿಷಯವು ತಂದೆಯ ಮುಂದೆ ಹೋಯಿತು. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಎಷ್ಟೋ ಜೊತೆ ಎತ್ತುಗಳ ವ್ಯಾಪಾರ ಕುದುರಿಸಿದ ಆ ಹಿರಿಯರಿಗೆ, ಒಂಟಿಯಾಗಿರುವುದಕ್ಕೆ ಜೊತೆ ಬೇಕೆನ್ನುವುದು ಅಸಂಬದ್ಧವೆನ್ನಿಸಲಿಲ್ಲ. ಆದರೆ ಇರುವುದರ ಲಕ್ಷಣ ನೋಡದೆ ಜೊತೆ ಹುಡುಕುವುದು ಅವರ ಶಾಸ್ತ್ರಕ್ಕೆ ಸಮ್ಮತವಲ್ಲ. ಗಿಟಾರನ್ನು ಎತ್ತಿಕೊಂಡು, ಮೈ ತಟ್ಟಿ, ಕಿವಿ ತಿರುವಿ, ಅನಂತರ ನೇಗಿಲ ಈಸು ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ ಕೊರಳಿನುದ್ದಕ್ಕೂ ದೃಷ್ಟಿ ಹಾಯಿಸಿದರು.

"ಕತ್ತು ಬಾಗದೆ ಕನ್ಲಾ. ಮೊದ್ಲು ಇದನ್ನ ನೆಟ್ಟಗೆ ಮಾಡು, ಜೊತೆ ಆಮೇಲೆ ನೋಡುವ."

ಬಾಗಿದ್ದುದು ನಿಜ. ಐದು ಮಳೆಗಾಲಗಳ ತೇವವೂ ಆರು ತಂತಿಗಳ ಸೆಳೆತವೂ ಸೇರಿ ಮರವನ್ನು ಬಿಲ್ಲಾಗಿಸಿದ್ದವು. ಬೈಲಕುಪ್ಪೆಯ ಕ್ಯಾಂಪಿನಿಂದ ಬಂದ ಟಿಬೆಟನ್ ಗೆಳೆಯನೊಬ್ಬನು ಅಲೆನ್ ಕೀ ತೂರಿಸಿ, ಕೊರಳಿನೊಳಗೆ ಹುದುಗಿರುವ ಉಕ್ಕಿನ ಸರಳನ್ನು ಕಾಲು ಸುತ್ತು, ಮರುದಿನ ಇನ್ನೊಂದು ಕಾಲು ಸುತ್ತು ತಿರುವಿದನು. ತಂತಿಗಳು ತಗ್ಗಿದವು, ಸೇತುವೆಯ ತಿರುಪುಗಳನ್ನು ಸ್ವಲ್ಪ ಸರಿಸಲು ಶ್ರುತಿಯೂ ನಿಂತಿತು.

ಎರಡು ಕಾರಣಗಳು ಒಂದೇ ವಾರದಲ್ಲಿ ತೀರಿಕೊಂಡ ಮೇಲೆ ನಮ್ಮ ತರುಣನು ಸೂತಕದ ಮುಖ ಹೊತ್ತು ನನ್ನ ಜಗಲಿಗೆ ಬಂದನು. ಸಮಾಧಾನ ಹೇಳಬೇಕೋ ಅಭಿನಂದಿಸಬೇಕೋ ತಿಳಿಯದೆ ನಾನು ಕಾಫಿ ತರಿಸಿದೆ. ಅರ್ಧ ಲೋಟ ಇಳಿಯುವಷ್ಟರಲ್ಲಿ ಬೀದಿಯ ದೀಪಗಳು ಹೊತ್ತಿದವು. ಆತನ ಮುಖವೂ ಒಡನೆಯೇ ಬೆಳಗಿತು.

"ಹಂ ಮಾತ್ರ ಹಂಗೇ ಅದೆ ಮೇಷ್ಟ್ರೆ."