ಷರತ್ತುಗಳಿಗೆ ಒಳಪಟ್ಟ ಶರಣಾಗತಿ

ಶಿರೂರಿನಿಂದ ಬ್ರಹ್ಮಾವರದವರೆಗೆ ನಮ್ಮ ಕ್ರೈಸ್ತರ ಮನೆಗಳಲ್ಲಿ ದಿನವೂ ದೇವರ ಹೆಸರಿಗೆ ಏನಾದರೂ ವರ್ಗಾವಣೆ ಆಗುತ್ತಲೇ ಇರುತ್ತದೆ. ಸಂಜೆಯ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಮುಗಿಯುವ ಹೊತ್ತಿಗೆ ಮಗನ ಕುವೈತ್ ವೀಸಾ, ಅಜ್ಜಿಯ ಮಂಡಿನೋವು, ಮೊಮ್ಮಗಳ ಪಿಯುಸಿ ಗಣಿತ, ಇಸ್ರೇಲಿಗೆ ಮುದುಕರ ಆರೈಕೆಗೆ ಹೋದ ಸೊಸೆ, ಎಲ್ಲವನ್ನೂ ದೇವರ ಕೈಗೆ ಒಪ್ಪಿಸಿ ಆಗಿರುತ್ತದೆ. ಜೊತೆಗೆ ಸೂಚನೆಗಳೂ ಹೋಗಿರುತ್ತವೆ: ವೀಸಾ ಈಸ್ಟರಿನೊಳಗೆ ಬರಲಿ, ಗಣಿತ ತೊಂಬತ್ತಕ್ಕಿಂತ ಕೆಳಗೆ ಇಳಿಯದಿರಲಿ. ಕೊನೆಯಲ್ಲಿ, ಎಲ್ಲ ದೇವರ ಚಿತ್ತ ಎಂದೊಂದು ಷರಾ.

ಆ ಚಿತ್ತಕ್ಕೂ ನಾವು ಗಡಿ ಗುರುತಿಸಿಟ್ಟಿದ್ದೇವೆ. ಪಕ್ಕದವನ ಅಡಿಕೆಗೆ ಕೊಳೆರೋಗ ಬಂದರೆ ಅದು ದೇವರ ಚಿತ್ತ. ನಮ್ಮ ತೋಟ ಉಳಿದರೆ, ಸಕಾಲಕ್ಕೆ ಹೊಡೆಸಿದ ಮೈಲುತುತ್ತದ ಪ್ರತಾಪ.

ಈ ವಿಷಯದಲ್ಲಿ ಜೋಸೆಫ್ ವಾಜ್ ಎಂಬ ಗೋವೆಯ ಪಾದ್ರಿ ನಮಗೆ ಬಹಳ ಮುಜುಗರ ಮಾಡಿಟ್ಟು ಹೋಗಿದ್ದಾರೆ. 1677ರ ಆಗಸ್ಟ್ 5ರಂದು ಇಪ್ಪತ್ತಾರರ ಈ ಯುವಕ ತನ್ನನ್ನು ಮಾತೆ ಮರಿಯಳಿಗೆ ಗುಲಾಮನಾಗಿ ಬರೆದುಕೊಟ್ಟ. ಬಾಯಿಮಾತಿನಲ್ಲಿ ಮುಗಿಸಲಿಲ್ಲ, ಪತ್ರವನ್ನೇ ಬರೆದು ಸಹಿ ಹಾಕಿದ. 1681ರಲ್ಲಿ ಅವರು ಕೆನರಾಕ್ಕೆ ಬಂದರು, ಮೂರು ವರ್ಷ ನಮ್ಮ ಕರಾವಳಿಯಲ್ಲಿ ನಡೆದಾಡಿದರು. 1687ರಲ್ಲಿ ಕೂಲಿಯವನ ವೇಷ ಹಾಕಿ ಸಿಲೋನಿಗೆ ನುಸುಳಿದರು, ಏಕೆಂದರೆ ಅಲ್ಲಿನ ಡಚ್ಚರು ಕ್ಯಾಥೋಲಿಕ್ ಪಾದ್ರಿಗಳಿಗೆ ಬಾಗಿಲು ಹಾಕಿದ್ದರು. ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು, 1711ರಲ್ಲಿ ಅಲ್ಲೇ ಮಣ್ಣಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ನಾವೂ ಎದೆಯುಬ್ಬಿಸಿದೆವು.

1570ರಷ್ಟು ಹಳೆಯದಾದ ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಯಲ್ಲಿ ಪ್ರಾರ್ಥಿಸುತ್ತಿದ್ದಾಗ ಅವರು ನೆಲಬಿಟ್ಟು ಮೇಲೇರಿದ್ದರು ಎಂಬ ಪ್ರತೀತಿ ಉಂಟು. ಈ ಕಥೆಯನ್ನು ನಮ್ಮಲ್ಲಿ ಎಂಟು ವರ್ಷದ ಮಗುವೂ ಹೇಳುತ್ತದೆ. ಬರೆದುಕೊಟ್ಟ ಪತ್ರದ ಸುದ್ದಿ ಎತ್ತುವವರು ಕಡಿಮೆ. ಸಂತರು ಮೇಲೇರಿದರೆ ನಮಗೇನೂ ಖರ್ಚಿಲ್ಲವಲ್ಲ.

ಅಂಥ ಪತ್ರವನ್ನು ಇಂದು ನಾವು ಬರೆಯಬೇಕಾದರೆ ಮೊದಲು ಒಳ್ಳೆಯ ವಕೀಲರನ್ನು ನೋಡುತ್ತೇವೆ. ಸದರಿ ನಾನು ನನ್ನ ಆತ್ಮ, ಚಿತ್ತ, ಬುದ್ಧಿಗಳನ್ನು ಸ್ವಸಂತೋಷದಿಂದ ದೇವರಿಗೆ ದಾನವಾಗಿ ಕೊಟ್ಟಿರುತ್ತೇನೆ. ಆದರೆ ಸ್ವಾಧೀನ ನನ್ನಲ್ಲೇ ಇರತಕ್ಕದ್ದು. ಜೀವಿತಾವಧಿ ಅನುಭೋಗದ ಹಕ್ಕು ನನ್ನದೇ. ಪೂರ್ವದಲ್ಲಿ ತಮ್ಮನ ಬೇಲಿ. ಅದು ನನ್ನ ಕಡೆಗೆ ಒಂದು ಮೊಳ ಸರಿದಿರುವ ಬಗ್ಗೆ ಕುಂದಾಪುರ ಕೋರ್ಟಿನಲ್ಲಿರುವ ದಾವೆಗೂ ಈ ದಾನಕ್ಕೂ ಯಾವ ಸಂಬಂಧವೂ ಇರತಕ್ಕದ್ದಲ್ಲ. ಕ್ಷಮೆಯ ಬಾಬ್ತು ಬಾಯಿಯಿಂದ ಮಾತ್ರ ಸಂದಾಯವಾಗತಕ್ಕದ್ದು. ಪಾಲನಾ ಮಂಡಳಿಯ ಉಪಾಧ್ಯಕ್ಷ ಸ್ಥಾನ ಈ ದಾನದ ಷೆಡ್ಯೂಲಿಗೆ ಸೇರಿರುವುದಿಲ್ಲ.

ಇದು ಉಳ್ಳವರ ಶರಣಾಗತಿ. ಇಲ್ಲದವರಿಗೆ ಬೇರೆಯದೇ ಉಂಟು, ಅದರಲ್ಲಿ ಷರತ್ತು ಒಂದೂ ಇಲ್ಲ. ಗಂಡ ಕುಡಿದು ಬಂದು ಹೊಡೆಯುತ್ತಾನೆ ಎಂದು ಹೆಂಗಸೊಬ್ಬಳು ಅಳುತ್ತ ಬಂದರೆ, ಶಿಲುಬೆ ಹೊರಬೇಕಮ್ಮ, ದೇವರಿಗೆ ಬಿಟ್ಟುಬಿಡು ಎಂಬ ಉಪದೇಶ ಸಿಗಲು ಐದು ನಿಮಿಷ ಸಾಕು. ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವ ಆಕೆಯ ಮಾವನಿಗೆ, ನಿಮ್ಮ ಮಗನ ಕೈ ಹಿಡಿಯಿರಿ ಎಂದು ಯಾರೂ ಹೇಳುವುದಿಲ್ಲ. ಕೂಲಿ ಹೆಚ್ಚು ಕೇಳಿದ ಆಳಿಗೆ ತಾಳ್ಮೆಯ ಪಾಠ. ಧಣಿಯ ತಾಳ್ಮೆಯನ್ನು ಯಾರೂ ಪರೀಕ್ಷಿಸಬಾರದು. ಏನೂ ಇಲ್ಲದವರ ಬಳಿಯೇ ಎಲ್ಲವನ್ನೂ ಬಿಟ್ಟುಕೊಡು ಎಂದು ಕೇಳುವ ಈ ಜಾಣ್ಮೆ ಯಾವ ಸೆಮಿನರಿಯದೋ!

ಮೇಲಿನವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಶರಣಾಗತಿ ಎಂಬ ಲೆಕ್ಕವನ್ನು ಬ್ರಹ್ಮಾವರದವರು ಒಮ್ಮೆ ಕೆಡಿಸಿದ್ದರು. ಇಲ್ಲಿನ ಇಗರ್ಜಿಗಳ ಆಡಳಿತ ತನ್ನದೆಂದು ಗೋವೆಯ ಪೋರ್ಚುಗೀಸ್ ಪದ್ರುವಾದೊ ಒಂದು ಕಡೆ, ರೋಮಿನ ಪ್ರೊಪಗಾಂಡಾ ಇನ್ನೊಂದು ಕಡೆ. ಎರಡೂ ಕೌಂಟರಿನಲ್ಲಿ ದೇವರ ಹೆಸರಿನದೇ ರಶೀದಿ. 1886ರಲ್ಲಿ ಎರಡೂ ಕಡೆಯ ದೊಡ್ಡವರು ತಮ್ಮೊಳಗೆ ಒಪ್ಪಂದ ಮಾಡಿಕೊಂಡರು, ಭಕ್ತರನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಫಾದರ್ ರಾಕ್ ಜೆಫ್ರಿನ್ ನೊರೊನ್ಹಾ ಮತ್ತು ಅವರ ಹಿಂದಿದ್ದ ಜನ ಎರಡು ಕೌಂಟರನ್ನೂ ಬಿಟ್ಟು ಆರ್ಥೊಡಾಕ್ಸ್ ಸಭೆಯ ಕಡೆ ನಡೆದರು. ಅದೇ ದಾರಿ ಹಿಡಿದ ಗೋವೆಯ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೋಟ್ಟಯಂನಲ್ಲಿ ಮಾರ್ ಜೂಲಿಯಸ್ ಎಂಬ ಬಿಷಪರಾದರು. ಯಾರು ಸರಿ ಎಂಬ ಜಗಳ ನನಗೆ ಬೇಡ, ಅದಕ್ಕೆ ಬೇರೆ ಜನ ಇದ್ದಾರೆ. ಆಜ್ಞೆ ಮೀರಿದರೆಂದು ಬೈಸಿಕೊಂಡ ಆಲ್ವಾರಿಸ್ ಪಣಜಿಯಲ್ಲಿ ನಿರ್ಗತಿಕರಿಗಾಗಿ ಭಿಕ್ಷೆ ಎತ್ತಿ 1923ರಲ್ಲಿ ತೀರಿಕೊಂಡರು. ನೊರೊನ್ಹಾ 1936ರವರೆಗೆ ಬ್ರಹ್ಮಾವರದಲ್ಲೇ ಇದ್ದರು. ಆಜ್ಞೆ ಪಾಲಿಸಿದವರಲ್ಲಿ ಎಷ್ಟು ಜನ ಭಿಕ್ಷಾಪಾತ್ರೆ ಹಿಡಿದರೋ, ನೀವೇ ಹುಡುಕಿ.

ಇನ್ನೊಂದು ಬಗೆಯ ಶರಣಾಗತಿಯೂ ಇಲ್ಲೇ ಉಂಟು. ಬೈಂದೂರು ಕಡೆಯ ಜಡ್ಕಲ್, ಮುದೂರಿನಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರ ರಬ್ಬರ್ ತೋಟಗಳಿವೆ. ಮಳೆಗಾಲಕ್ಕೆ ಮುಂಚೆ ಮರಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ಕಟ್ಟಿ, ಅಂಚಿಗೆ ಅಂಟು ಬಳಿದು, ಆಮೇಲೆ ಇಗರ್ಜಿಗೆ ಹೋಗಿ ಮೊಣಕಾಲೂರುತ್ತಾರೆ. ಮಾಡುವ ಕೆಲಸ ಮಾಡಿಟ್ಟು, ಕೈಮೀರಿದ್ದನ್ನು ಒಪ್ಪಿಸುವುದು. ರಬ್ಬರ್ ಹಾಲಿನ ರೇಟಿನ ವಿಷಯದಲ್ಲಿ ಮಾತ್ರ ದೇವರೂ ಕೈಚೆಲ್ಲಿದ ಹಾಗೆ ಕಾಣುತ್ತದೆ.

ಮೊನ್ನೆ ಒಂದೂರಿನ ಇಗರ್ಜಿಯಲ್ಲಿ ತೆರಾಲಿ ಎಂಬ ವಾರ್ಷಿಕ ಹಬ್ಬದ ಸಭೆ. ಮೆರವಣಿಗೆಯಲ್ಲಿ ಕೊಡೆ ಹಿಡಿಯುವವರು ಯಾರು ಎಂದು ಎರಡು ಮನೆತನಗಳಿಗೆ ಜಟಾಪಟಿ. ರಾತ್ರಿ ಒಂಬತ್ತಾಯಿತು, ಫಾದರ್ ಸುಸ್ತಾದರು, ದೇವರಿಗೇ ಬಿಡೋಣ, ಚೀಟಿ ಎತ್ತೋಣ ಎಂದರು. ಎಲ್ಲರೂ ಒಪ್ಪಿದರು, ಎದ್ದು ನಿಂತು ಪ್ರಾರ್ಥನೆಯನ್ನೂ ಮಾಡಿದರು. ಆಲ್ಟರ್ ಹುಡುಗ ಕಣ್ಣುಮುಚ್ಚಿ ಚೀಟಿ ಎತ್ತಿದ. ಹೆಸರು ಕೇಳಿದ್ದೇ ಸೋತ ಕಡೆಯ ಹಿರಿಯರು ಗಂಟಲು ಸರಿಮಾಡಿಕೊಂಡರು:

"ಫಾದರ್, ದೇವ್ರಿಗೆ ಇನ್ನೊಂದ್ ಅವಕಾಶ ಕೊಟ್ಟು ಕಾಂಬ."