ಬೂಷ್ಟು ತರ್ಕಸಂಗ್ರಹ

ಅನ್ನಂಭಟ್ಟರು 17ನೇ ಶತಮಾನದಲ್ಲಿ ‘ತರ್ಕಸಂಗ್ರಹ’ವೆಂಬ ತರ್ಕಶಾಸ್ತ್ರದ ಕೈಪಿಡಿ ಬರೆದು ಇಡೀ ಜಗತ್ತನ್ನು ಏಳು ಪದಾರ್ಥಗಳಲ್ಲಿ ಮುಗಿಸಿಬಿಟ್ಟರು. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಅವರು ಒಂದು ಆಷಾಢ ಕಳೆದಿದ್ದರೆ ಎಂಟನೆಯದಕ್ಕೂ ಜಾಗ ಮಾಡುತ್ತಿದ್ದರು. ಆ ಲೋಪವನ್ನು ತುಂಬುವುದೇ ಈ ಗ್ರಂಥದ ಪ್ರಯೋಜನ.

ಮೊದಲು ಲಕ್ಷಣ. ಪುನರ್ವಸು ಮಳೆ ಹಿಡಿದ ಮೇಲೆ ಚರ್ಮದ ಬೆಲ್ಟು, ದೇವರ ಮಣೆ, ಮದುವೆ ಆಲ್ಬಂ ಎಂಬ ಭೇದವೆಣಿಸದೆ ಬೆಳೆಯುವಂಥದ್ದು ಬೂಷ್ಟು. ಈ ಲಕ್ಷಣ ಪಾಚಿಗೂ ಹೊಂದಿ ಅತಿವ್ಯಾಪ್ತಿಯಾಯಿತಲ್ಲ ಎಂದರೆ, ಇಲ್ಲ. ಪಾಚಿಗೆ ಬೆಳಕು ಬೇಕು, ಅಂಗಳದಲ್ಲಿ ನೆಂಟರನ್ನು ಬೀಳಿಸಿ ತೃಪ್ತಿಪಡುತ್ತದೆ. ಬೂಷ್ಟಿಗೆ ಬೀರುವಿನ ಹಿಂದಿನ ಕತ್ತಲೆಯೇ ಸಾಕು.

ಗಂಧ ಪೃಥ್ವಿಯ ಗುಣ, ನೀರಿನದಲ್ಲ ಎಂದು ಶಾಸ್ತ್ರ. ಹಾಗಾದರೆ ಬೀರು ತೆಗೆದ ಕೂಡಲೇ ಮೂಗಿಗೆ ಬಡಿಯುವ ಮುಗ್ಗಲು ವಾಸನೆ ಯಾರದ್ದು? ನನ್ನ ರೇಷ್ಮೆ ಪಂಚೆಯನ್ನು ಉಂಡು ಬೂಷ್ಟು ಬಿಟ್ಟ ತೇಗು ಅದು. ಕಣ್ಣಿಗೆ ಏನೂ ಕಾಣದಿದ್ದರೂ ವಾಸನೆಯಿಂದ ಬೂಷ್ಟನ್ನು ಸಾಧಿಸಬಹುದು. ಇದು ಶುದ್ಧ ಅನುಮಾನ ಪ್ರಮಾಣ. ಮನೆಯವಳಿಗೆ ಮಾತ್ರ ಅನುಮಾನ ನನ್ನ ಸಾಕ್ಸಿನ ಮೇಲೆ.

ಇನ್ನು ಉಪಾಧಿ. ಹೊಗೆ ಇದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಬೇಕೆಂದಿಲ್ಲ, ಅದಕ್ಕೆ ಹಸಿ ಸೌದೆಯೆಂಬ ಉಪಾಧಿ ಬೇಕು ಎಂದರು ತಾರ್ಕಿಕರು. ನಮ್ಮ ಹಳೇ ಹಂಚಿನ ಮನೆಯಲ್ಲಿ ಈ ಉಪಾಧಿಗೆ ಎಂದೂ ಬರವಿರಲಿಲ್ಲ. ಹೊಗೆ ಅಟ್ಟಕ್ಕೇರಿ, ತೆಂಗಿನಕಾಯಿ ಒಣಗಿಸಿ, ಹಂಚಿನ ಸಂದಿಯಲ್ಲಿ ಹೊರಬೀಳುತ್ತಿತ್ತು. ಬೂಷ್ಟು ತಲೆಯೆತ್ತಲಿಲ್ಲ. ಅಜ್ಜಿ ಕೆಮ್ಮಿ ಕೆಮ್ಮಿ ಸೊರಗಿದಳು, ಅದು ಬೇರೆ ಮಾತು. ಹೊಗೆಯ ಗುಣಗಾನ ಮಾಡುವವರು ಅವಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈಗ ಆರ್‌ಸಿಸಿ ಮನೆ. ಗ್ಯಾಸ್ ಉರಿದರೂ ನೀರಾವಿ, ಅನ್ನ ಬೆಂದರೂ ನೀರಾವಿ, ಕೋಣೆಯೊಳಗೆ ಹಗ್ಗ ಕಟ್ಟಿ ಹರವಿದ ಬಟ್ಟೆಯದ್ದೂ ನೀರಾವಿ. ಇರಚಲಿಗೆ ಹೆದರಿ ಅಲ್ಯೂಮಿನಿಯಂ ಕಿಟಕಿ ಜಡಿದ ಮೇಲೆ ಅದು ಹೋಗುವುದಾದರೂ ಎಲ್ಲಿಗೆ? ತಣ್ಣನೆಯ ಗೋಡೆಗೆ ಹೋಗಿ ಹನಿಯಾಗಿ ಕೂರುತ್ತದೆ.

ಈ ಗ್ರಂಥದ ಹೃದಯ ಅಭಾವ, ಅಂದರೆ ‘ಇಲ್ಲದಿರುವಿಕೆ’ಯ ಪ್ರಕರಣ. ಬೂಷ್ಟು ಹುಟ್ಟುವ ಮುಂಚಿನದು ಪ್ರಾಗಭಾವ: ಮೇ ತಿಂಗಳು, ಹೊಸ ಸುಣ್ಣಬಣ್ಣ. ಬ್ಲೀಚಿಂಗ್ ಹಾಕಿ ಉಜ್ಜಿದ ಮೇಲಿನದು ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎನ್ನುತ್ತದೆ ಶಾಸ್ತ್ರ. ನಮ್ಮಲ್ಲಿ ಒಂಬತ್ತನೇ ದಿನಕ್ಕೆ ಅಂತ್ಯ ಕಂಡಿತು. ಮೂರು ಕಾಲದಲ್ಲೂ ಇಲ್ಲದಿರುವ ಅತ್ಯಂತಾಭಾವ ಪೇಂಟಿನ ಜಾಹೀರಾತಿನಲ್ಲಿ ಮಾತ್ರ ಲಭ್ಯ. ಕೊನೆಯದು ಅನ್ಯೋನ್ಯಾಭಾವ, ಅಂದರೆ ‘ಇದು ಅದಲ್ಲ’ ಎಂಬುದು. ಇದರಲ್ಲಿ ನಮ್ಮ ದೊಡ್ಡಪ್ಪ ಪಾರಂಗತರು: “ಅದು ಬೂಷ್ಟಲ್ಲ ಮಾರಾಯ, ಗೋಡೆ ಬೆವರಿದ್ದು.”

ಪೂರ್ವಪಕ್ಷ, ಎಂದರೆ ಎದುರು ವಾದ, ಪೇಂಟಿಂಗ್ ಮೇಸ್ತ್ರಿಯದು: “ಇನ್ನೊಂದು ಕೋಟ್ ಹೊಡೆದ್ರೆ ಸರಿಹೋಗುತ್ತೆ ಸಾರ್.” ಮೂರು ಮಳೆಗಾಲ ಮೂರು ಕೋಟ್ ಹೊಡೆದರು. ನಾಲ್ಕನೇ ಮಳೆಗಾಲದಲ್ಲಿ ಮೂರೂ ಹಪ್ಪಳದಂತೆ ಒಟ್ಟಿಗೇ ಎದ್ದು ಬಂದವು.

ಬಲ್ಲವರ ಮಾತೆಂಬ ಆಪ್ತವಾಕ್ಯವೂ ಇದೆ. ಒದ್ದೆ ಮನೆಗೂ ಉಬ್ಬಸಕ್ಕೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಸತ್ತ ಬೂಷ್ಟಿನ ಕಣವೂ ಸೀನು ತರಿಸುತ್ತದೆ. ಕೊಂದರೆ ಸಾಲದು, ಸೋಪುನೀರಲ್ಲಿ ಒರೆಸಿ ತೆಗೆಯಬೇಕು. ಮನೆಯೊಳಗಿನ ತೇವಾಂಶ ಶೇ. 60ರ ಕೆಳಗಿರಲಿ ಎಂಬ ಮಾತೂ ಉಂಟು. ಶ್ರಾವಣ ಕಳೆಯುವವರೆಗೆ ಆ ಅಂಕಿಯನ್ನು ನಾವು ಪುಸ್ತಕದಲ್ಲಷ್ಟೇ ನೋಡುತ್ತೇವೆ.

ಸಿದ್ಧಾಂತವನ್ನು ಅಮ್ಮ ಅಡುಗೆಮನೆಯಿಂದಲೇ ಮಂಡಿಸಿದಳು: “ಬರೀತಾ ಕೂರೋ ಬದ್ಲು ತಾರಸಿ ಎಲ್ಲಿ ಸೋರ್ತದೆ ನೋಡೋ. ಬೀರು ಈಚೆ ಎಳಿ. ಮಳೆ ಹೊಳವಾದಾಗಾದ್ರೂ ಕಿಟಕಿ ತೆಗಿ.” ಇಷ್ಟು ಸರಳವಾದದ್ದನ್ನು ಶಾಸ್ತ್ರವೆಂದು ಒಪ್ಪಲು ಲೇಖಕನಿಗೆ ಸಂಕೋಚವಾದರೂ, ಬೀರುವನ್ನು ಒಂದು ಗೇಣು ಈಚೆಗೆ ಎಳೆದದ್ದಾಗಿದೆ.

ಈ ಗ್ರಂಥಕ್ಕೆ ಖಂಡನ ಬರೆಯುವ ವಿದ್ವಾಂಸರು ಕಾಗದವನ್ನು ಚೆನ್ನಾಗಿ ಒಣಗಿಸಿ ಕಳಿಸಬೇಕಾಗಿ ವಿನಂತಿ. ಅಂಚೆಯಲ್ಲಿ ಬರುವ ಬೂಷ್ಟಿಗೆ ನಮ್ಮಲ್ಲಿ ಜಾಗವಿಲ್ಲ.