ಅಜ್ವಲಿತಚುಲ್ಲೀ ಮೀಮಾಂಸೆ, ಅರ್ಥಾತ್ ಗ್ಯಾಸ್ ಒಲೆ ಯಾಕೆ ಹತ್ತುತ್ತಿಲ್ಲ?

2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಇಲ್ಲಿನ ನದಿಮೂಲ, ರೇಷ್ಮೆ, ದ್ರಾಕ್ಷಿ, ನಂದಿಬೆಟ್ಟದ ಮಂಜುಗಳ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಧನುರ್ಮಾಸದ ಬೆಳಗಿನ ಜಾವ ಹಿದುಕಿದ ಅವರೆಬೇಳೆಯ ಪಾತ್ರೆಯನ್ನು ತಲೆಯ ಮೇಲೆ ಹೊತ್ತ ಗ್ಯಾಸ್ ಒಲೆಯೊಂದು, ಲೈಟರ್ ಎಷ್ಟೇ ಟಕಟಕ ಎಂದರೂ ಜಪ್ಪಯ್ಯ ಎನ್ನದೆ ಕೂರುವುದರ ಬಗ್ಗೆ ಒಬ್ಬರೂ ಲೇಖನಿ ಎತ್ತಿದಂತಿಲ್ಲ. ಆ ಕಳಂಕವನ್ನು ತೊಳೆಯುವುದೇ ಈ ಪ್ರಬಂಧದ ಘನ ಉದ್ದೇಶ.

ಮೊದಲಿಗೆ ವ್ಯಾಪ್ತಿ. ಚಳಿದೇಶಗಳಲ್ಲಿ ಪಡಸಾಲೆಯ ಗೋಡೆಯೊಳಗೇ ಗ್ಯಾಸ್ ಅಗ್ಗಿಷ್ಟಿಕೆ ಕೂರಿಸಿಕೊಂಡು, ಅದರ ಮುಂದೆ ಕಾಲು ಚಾಚುವವರಿದ್ದಾರೆ. ಅದು ಹತ್ತದಿದ್ದರೆ ಅವರು ಇನ್ನೊಂದು ಸ್ವೆಟರ್ ಹಾಕಿಕೊಂಡಾರು. ನಮ್ಮಲ್ಲಿ ಒಲೆ ಹತ್ತದಿದ್ದರೆ ಕಾಫಿ ಇಲ್ಲ, ಮುದ್ದೆ ಇಲ್ಲ, ಬೆಂಗಳೂರಿನ ಬಸ್ಸೂ ಇಲ್ಲ. ಆದ್ದರಿಂದ ಅಗ್ಗಿಷ್ಟಿಕೆಯ ಪ್ರಶ್ನೆಯನ್ನು ಅವರಿಗೇ ಬಿಟ್ಟು, ಗಂಭೀರವಾದ ಸಮಸ್ಯೆಗೆ ಬರೋಣ.

ಈ ವಿಷಯದಲ್ಲಿ ಪೂರ್ವಪಕ್ಷಗಳು ಹಲವು. ಪ್ರಾಚೀನವಾದದ್ದು ಟಕಟಕ ಸಂಪ್ರದಾಯ. ಇದರ ಅನುಯಾಯಿಗಳು ಬಹುತೇಕ ಗಂಡಸರು. ಪತ್ನಿ ತವರಿಗೆ ಹೋದಾಗ ದೀಕ್ಷೆ ಪಡೆದವರು. ನಾಬನ್ನು ಪೂರ್ತಿ ತಿರುಗಿಸಿ, ಆಮೇಲೆ ಲೈಟರ್ ಎಲ್ಲಿದೆ ಎಂದು ಹುಡುಕಿ, ಸಿಕ್ಕ ಮೇಲೆ ಜಪದಂತೆ ಒತ್ತುತ್ತ ಹೋಗುವುದು ಇವರ ಸಾಧನಾಮಾರ್ಗ. ಸಂಖ್ಯೆ ಹೆಚ್ಚಿದಷ್ಟೂ ಫಲ ಹತ್ತಿರ ಎಂಬುದು ನಂಬಿಕೆ. ಫಲ ಸಿಗುವುದೂ ಉಂಟು, ‘ಧಡ್’ ಎಂಬ ಸದ್ದಿನೊಂದಿಗೆ. ಅದರ ಪ್ರಸಾದ ಹುಬ್ಬಿನ ಮೇಲೆ ಕೆಲವು ವಾರ ಉಳಿಯುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ತಾರಸಿಗೆ ಏರುವುದಿಲ್ಲ, ಕಟ್ಟೆಯ ಕೆಳಗೆ, ನೆಲದ ಮಟ್ಟದಲ್ಲಿ ಸದ್ದಿಲ್ಲದೆ ಜಮಾಯಿಸುತ್ತದೆ ಎಂಬ ಅಂಶ ಈ ಸಂಪ್ರದಾಯದ ಗ್ರಂಥಗಳಲ್ಲಿಲ್ಲ.

ಎರಡನೆಯದು ಕುಲುಕು ಪಂಥ. ಸಿಲಿಂಡರಿನ ಕತ್ತು ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟು, ‘ಇನ್ನೂ ಇದೆ ಕಣೇ’ ಎಂದು ತೀರ್ಪು ಕೊಡುವವರು. ಇವರ ಕಟ್ಟಾ ಶಾಖೆಯವರು ಸಿಲಿಂಡರನ್ನು ಮಲಗಿಸಿಯೂ ಬಿಡುತ್ತಾರೆ. ಒಳಗಿರುವುದು ಪ್ರೊಪೇನ್ ಮತ್ತು ಬ್ಯುಟೇನ್‌ನ ದ್ರವ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಬಹುದು, ಆಗ ಒಲೆ ಹತ್ತುವ ಬದಲು ಮನೆಯೇ ಹತ್ತೀತು. ‘ಚಳಿಗೆ ಗ್ಯಾಸು ಹೆಪ್ಪುಗಟ್ಟಿದೆ’ ಎಂಬ ಇವರ ಉಪಸಿದ್ಧಾಂತವನ್ನೂ ಪರಿಶೀಲಿಸಲಾಯಿತು. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. 1,478 ಮೀಟರ್ ಎತ್ತರದ ನಂದಿಬೆಟ್ಟವೇ ಮಂಜು ಹೊದ್ದು ನಡುಗಿದರೂ ಈ ಅನಿಲಗಳಿಗೆ ಅದು ಬೇಸಿಗೆ. ಮುಗಿಯುತ್ತ ಬಂದ ಸಿಲಿಂಡರಿನ ಒತ್ತಡ ಚಳಿಯಲ್ಲಿ ಕುಗ್ಗುವುದು ನಿಜ. ಆದರೆ ಖಾಲಿ ಸಿಲಿಂಡರಿನ ತೂಕ ಅದರ ಮೈಮೇಲೇ ಬರೆದಿರುತ್ತದೆ. ತುಂಬಿದಾಗ ಅದರ ಮೇಲೆ 14.2 ಕಿಲೋ. ತಕ್ಕಡಿಗೆ ಇಟ್ಟರೆ ಕುಲುಕುವ ಅಗತ್ಯವೇ ಇಲ್ಲ. ಹಾಗೆ ಇಟ್ಟವರನ್ನು ನಾವು ಕಂಡಿಲ್ಲ.

ಮೂರನೆಯದು ದೂಷಣಾವಾದ: ಗ್ಯಾಸಿಗೆ ನೀರು ಬೆರೆಸಿದ್ದಾರೆ, ಕಂಪನಿ ಸರಿಯಿಲ್ಲ, ಒಲೆ ಹೆಣ್ಣಿನ ಕಡೆಯವರು ಕೊಟ್ಟದ್ದು. ಇದರಲ್ಲಿ ಕೊನೆಯದನ್ನು ಜೋರಾಗಿ ಹೇಳಬಾರದು ಎಂಬ ನಿಯಮವಿದೆ.

ಇನ್ನು ಸಾಧನದ ವಿಚಾರ. 1880ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್, ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದನ್ನು ತೋರಿಸಿದರು. ಲೈಟರಿನ ಹಿಡಿಕೆಯೊಳಗೆ ಸ್ಪ್ರಿಂಗು ಹೊತ್ತ ಪುಟ್ಟ ಸುತ್ತಿಗೆಯೊಂದು ಇಂಥ ಹರಳಿಗೆ ಬಡಿಯುತ್ತದೆ. ಸಾವಿರಾರು ವೋಲ್ಟಿನ ಕಿಡಿ ತುದಿಯಲ್ಲಿ ಹಾರುತ್ತದೆ. ಸೆಲ್ಲೂ ಬೇಡ, ಕರೆಂಟೂ ಬೇಡ. ಸಾಮಾನ್ಯವಾಗಿ ಆ ಹರಳು ಸೀಸ, ಜಿರ್ಕೋನಿಯಮ್, ಟೈಟಾನಿಯಮ್ಮುಗಳ ಆಕ್ಸೈಡು. ಅದರದು ಪೆರೋವ್‌ಸ್ಕೈಟ್ ರಚನೆ. ಪೆರೋವ್‌ಸ್ಕೈಟ್ ಆಕ್ಸೈಡುಗಳ ಮೇಲೆ ಜಗತ್ತೇ ಮೆಚ್ಚುವ ಕೆಲಸ ಮಾಡಿದವರು ಭಾರತರತ್ನ ಸಿ.ಎನ್.ಆರ್. ರಾವ್. ಆ ‘ಸಿ’ ಎಂದರೆ ಚಿಂತಾಮಣಿ. ಆದ್ದರಿಂದ ಗ್ಯಾಸ್ ಲೈಟರ್ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಸ್ವತ್ತು ಎಂಬುದು ನಮ್ಮ ನಿಲುವು. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, ಲೈಟರ್ ಅವರ ಶೋಧವಲ್ಲ ಎಂಬಂಥ ಕ್ಷುದ್ರ ಆಕ್ಷೇಪಗಳಿಗೆ ಅಡಿಟಿಪ್ಪಣಿಯಲ್ಲಿ ಉತ್ತರಿಸಬಹುದಿತ್ತು. ಈ ಪ್ರಬಂಧದಲ್ಲಿ ಅಡಿಟಿಪ್ಪಣಿಗಳಿಲ್ಲ.

ಜಿಲ್ಲೆಯ ಇನ್ನೊಂದು ತಾಲ್ಲೂಕಾದ ಗೌರಿಬಿದನೂರಿನ ಪಾತ್ರ ಇನ್ನೂ ಸೂಕ್ಷ್ಮ. ಅಲ್ಲಿ 1,000 ದ್ವಿಧ್ರುವ ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನೆಟ್ಟು, 1976ರಿಂದ ಆಕಾಶದ ರೇಡಿಯೋ ಪಿಸುಮಾತಿಗೆ ಕಿವಿಗೊಟ್ಟ ದೂರದರ್ಶಕವಿದೆ. ಭೌತವಿಜ್ಞಾನಿ ಹರ್ಟ್ಸ್ 1880ರ ದಶಕದಲ್ಲಿ ರೇಡಿಯೋ ಅಲೆಗಳನ್ನು ಹುಟ್ಟಿಸಿದ್ದೂ ಇಂಥದೇ ಕಿಡಿಯಿಂದ. ಅಂದಮೇಲೆ ಒಂದೊಂದು ‘ಟಕ್’ ಕೂಡ ಒಂದು ಪುಟ್ಟ ಪ್ರಸಾರವೇ. ಸೂರ್ಯನ ಜ್ವಾಲೆಯನ್ನು ಹಿಡಿಯಹೊರಟ ವಿಜ್ಞಾನಿಗೆ ಪಕ್ಕದ ಹಳ್ಳಿಯ ಹತ್ತದ ಒಲೆ ಸಿಕ್ಕಿಬಿದ್ದರೆ ಏನು ಗತಿ? ಅದೇ ಊರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಜಾಲವೂ ಇದೆ. ದೂರದೇಶಗಳು ನೆಲದಡಿ ನಡೆಸುವ ಅಣುಸ್ಫೋಟಗಳನ್ನೂ ಪತ್ತೆಹಚ್ಚುವ ಜಾಲ ಅದು. ಟಕಟಕ ಸಂಪ್ರದಾಯದ ‘ಧಡ್’ ಅಲ್ಲಿ ದಾಖಲಾಗಿದೆಯೇ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ.

ಈಗ ಸಿದ್ಧಾಂತ. ಅನಿಲವು ಜೆಟ್ ಎಂಬ ಸೂಜಿಮೊನೆಯಂಥ ರಂಧ್ರದಿಂದ ರಭಸವಾಗಿ ಹೊರಟು, ದಾರಿಯಲ್ಲಿ ಗಾಳಿಯನ್ನು ಸೆಳೆದುಕೊಂಡು ಬರ್ನರಿನೊಳಗೆ ಬೆರೆಯುತ್ತದೆ. ಗಾಳಿಯಲ್ಲಿ ಅನಿಲ ಸುಮಾರು ಶೇ 2ರಿಂದ 9.5ರ ನಡುವೆ ಇದ್ದರೆ ಮಾತ್ರ ಹತ್ತುತ್ತದೆ. ಕಡಿಮೆಯಾದರೂ ಇಲ್ಲ, ಹೆಚ್ಚಾದರೂ ಇಲ್ಲ; ಸಾವಿರ ವೋಲ್ಟಿನ ಶಿಫಾರಸಿಗೂ ಬಗ್ಗುವುದಿಲ್ಲ. ನಿನ್ನೆ ಉಕ್ಕಿದ ಹಾಲು ಬರ್ನರಿನ ಕಣ್ಣುಗಳಲ್ಲಿ ಕರಕಲಾಗಿ ಕೂತರೆ, ತೊಳೆದ ಬರ್ನರನ್ನು ಹಸಿಯಾಗಿಯೇ ಇಟ್ಟರೆ, ಅವಸರದಲ್ಲಿ ಸೊಟ್ಟಗೆ ಕೂರಿಸಿದರೆ, ಆ ಹದ ತಪ್ಪುತ್ತದೆ. ಹೊಸ ಸಿಲಿಂಡರ್ ಹಾಕಿದಾಗ ಪೈಪಿನಲ್ಲಿ ಉಳಿದ ಗಾಳಿ ಮೊದಲು ಹೊರಬೀಳಬೇಕು. ಬಳಸದೆ ಬಿಟ್ಟ ಒಲೆಯ ಕೊಳವೆಯಲ್ಲಿ ಜೇಡ ಸಂಸಾರ ಹೂಡುವುದೂ ಉಂಟು. ಲೈಟರಿನ ತುದಿಗೆ ಒಗ್ಗರಣೆಯ ಜಿಡ್ಡು ಮೆತ್ತಿಕೊಂಡಿದ್ದರೆ ಕಿಡಿ ಒಳಗೊಳಗೇ ಹಾರಿ ಸಾಯುತ್ತದೆ, ಸದ್ದು ಮಾತ್ರ ನಮಗೆ ಬರುತ್ತದೆ. ದಿನವಿಡೀ ರೇಷ್ಮೆನೂಲು ಬಿಚ್ಚಾಣಿಕೆಯ ಬಿಸಿನೀರು ಆರದಂತೆ ಒಲೆ ಕಾಯುವ ಶಿಡ್ಲಘಟ್ಟದವರಿಗೆ ಇದೆಲ್ಲ ಹೇಳಹೋದರೆ ನಕ್ಕಾರು.

ಒಲೆಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಬೇಕು ಎಂಬ ಮತವನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದ್ದರು. ಅವರ ತಾಲ್ಲೂಕಿನ ಮರ್ಯಾದೆಗಾಗಿ ನಾವೂ ಒಂದು ಹಣ್ಣು ಖರ್ಚು ಮಾಡಿದೆವು. ಸಿಲಿಂಡರಿನ ಕತ್ತಿಗೆ ಕಟ್ಟಿದಾಗ ಯಾವ ಪರಿಣಾಮವೂ ಕಾಣಲಿಲ್ಲ. ಅದನ್ನೇ ಬಿಚ್ಚಿ, ಕೊಯ್ದು, ಉಪ್ಪು ಹಚ್ಚಿ ಹಿತ್ತಾಳೆ ಬರ್ನರಿಗೆ ಉಜ್ಜಿ, ಪಿನ್ನಿನಿಂದ ಒಂದೊಂದು ಕಣ್ಣನ್ನೂ ಬಿಡಿಸಿ, ಒರೆಸಿ ಒಣಗಿಸಿ ಇಟ್ಟಾಗ ನೀಲಿ ಜ್ವಾಲೆ ಸುತ್ತಲೂ ಎದ್ದಿತು. ನಿಂಬೆಗೆ ಶಕ್ತಿಯಿದೆ ಎಂದು ಎರಡೂ ಪಕ್ಷದವರು ಘೋಷಿಸಿಕೊಂಡರು.

ಕೊನೆಗೆ ಮೂಲಸೂತ್ರ. ಇದು ಮೌಖಿಕ ಪರಂಪರೆಯದು, ಅಡುಗೆಮನೆಯಿಂದ ಸಂಗ್ರಹಿಸಿದ್ದು: ‘ಬರ್ನರ್ ಒಣಗಿರಬೇಕು, ಲೈಟರ್ ಮೊದಲು, ನಾಬ್ ಆಮೇಲೆ, ಅದೂ ಸಣ್ಣಗೆ, ವಾಸನೆ ಬಂದರೆ ಎಲ್ಲ ಬಂದ್ ಮಾಡಿ ಕಿಟಕಿ ತೆಗೀರಿ, ಸ್ವಿಚ್ ಮುಟ್ಟಬೇಡಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.’ ಪಾಠಾಂತರಗಳಿವೆ. ಚಿಂತಾಮಣಿಯ ಕಡೆ ಅರ್ಧ ತೆಲುಗಿನಲ್ಲಿ ಸಿಗುತ್ತದೆ. ಎಲ್ಲ ಪಾಠಗಳ ಆರಂಭದಲ್ಲೂ ‘ಎಷ್ಟು ಸಲ ಹೇಳೋದ್ರೀ ನಿಮಗೆ’ ಎಂಬ ಒಂದು ಸಾಲಿದೆ. ಅದು ಪ್ರಕ್ಷಿಪ್ತವೆಂದು ಟಕಟಕ ಸಂಪ್ರದಾಯದ ಪಂಡಿತರು ವಾದಿಸುತ್ತಾರೆ. ಜಿಲ್ಲೆಯ ಯಾವ ತಾಲ್ಲೂಕಿನ ಪಾಠದಲ್ಲೂ ಆ ಸಾಲು ಬಿಟ್ಟುಹೋಗಿಲ್ಲವಾದ್ದರಿಂದ, ಅದು ಮೂಲದ್ದೇ ಎಂದು ನಾವು ಸ್ವೀಕರಿಸಿದ್ದೇವೆ.